ತೋಫು ತಿಂದರೆ ಥೈರಾಯ್ಡ್ ಕೆಡುತ್ತಾ? ಮೀಲ್ ಮೇಕರ್ ಬಿಡಬೇಕಾ?

ಪ್ರಶ್ನೆ: ನನಗೆ 44 ವರ್ಷ. ಮೂರು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಯಜಮಾನರಿಗೆ ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಬಂದಿದೆ. ಮಗನಿಗೆ 17, ಜಿಮ್‌ಗೆ ಹೋಗುತ್ತಾನೆ, ಪ್ರೋಟೀನ್ ಬೇಕು ಅಂತಾನೆ. ಮೊಟ್ಟೆ, ಮಾಂಸ ನಮ್ಮಲ್ಲಿಲ್ಲ. ಪನೀರ್ ಬದಲು ಸೋಯಾ ಹಾಲಿನಿಂದ ಮಾಡುವ ತೋಫು ತರೋಣ ಅಂದುಕೊಂಡೆ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ಸೋಯಾ ತಿಂದರೆ ಥೈರಾಯ್ಡ್ ಕೆಡುತ್ತೆ, ಗಂಡಸರಿಗೆ ಹೆಣ್ಣಿನ ಹಾರ್ಮೋನ್ ಜಾಸ್ತಿಯಾಗುತ್ತೆ, ಸ್ತನ ಕ್ಯಾನ್ಸರ್ ಬರುತ್ತೆ ಅಂತ ಅದರಲ್ಲಿದೆ. ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್ ಆಗಿ ಗುಣವಾಗಿದೆ. ಹಾಗಾಗಿ ಭಯ. ಇಷ್ಟು ದಿನ ಮಾಡುತ್ತಿದ್ದ ಮೀಲ್ ಮೇಕರ್ (ಒಣ ಸೋಯಾ ಉಂಡೆ) ಕೂಡ ಬಿಡಬೇಕಾ?

ಉತ್ತರ:

ತೋಫು ತನ್ನಿ. ಮೀಲ್ ಮೇಕರ್ ಬಿಡಬೇಡಿ. ನಿಮ್ಮ ಮನೆಯ ನಾಲ್ಕೂ ಜನ ತಿನ್ನಬಹುದು, ಅತ್ತೆಯವರೂ ಸೇರಿ. ಹುಷಾರಾಗಿರಬೇಕಾದ್ದು ಒಂದೇ ಕಡೆ: ನೀವು ಥೈರಾಯ್ಡ್ ಮಾತ್ರೆ ನುಂಗುವ ಹೊತ್ತು. ಅದನ್ನೇ ಮೊದಲು ಹೇಳುತ್ತೇನೆ.

ಸೋಯಾ ಥೈರಾಯ್ಡ್ ಗ್ರಂಥಿಯನ್ನು ಕೆಡಿಸುವುದಿಲ್ಲ. ದೇಹಕ್ಕೆ ಅಯೋಡಿನ್ ತೀರಾ ಕಡಿಮೆ ಇದ್ದಾಗ ಮಾತ್ರ ಸೋಯಾದಲ್ಲಿರುವ ಕೆಲವು ಅಂಶಗಳು ಗ್ರಂಥಿಯ ಕೆಲಸಕ್ಕೆ ಅಡ್ಡ ಬರಬಹುದು. ನೀವು ಅಯೋಡಿನ್ ಇರುವ ಉಪ್ಪು ಬಳಸುತ್ತಿದ್ದರೆ ಆ ಚಿಂತೆ ಬೇಡ. ಈಗ ಎಷ್ಟೋ ಮನೆಗಳಲ್ಲಿ ಪಿಂಕ್ ಉಪ್ಪು, ಸೈಂಧವ ಉಪ್ಪು ಅಂತ ಬದಲಾಯಿಸಿದ್ದಾರೆ. ಅವುಗಳಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ನಿಮ್ಮ ಉಪ್ಪಿನ ಪ್ಯಾಕೆಟ್ ಒಮ್ಮೆ ತಿರುಗಿಸಿ ನೋಡಿ. ಥೈರಾಯ್ಡ್ ವಿಷಯದಲ್ಲಿ ತೋಫುಗಿಂತ ನನಗೆ ಆ ಪ್ಯಾಕೆಟ್ ಬಗ್ಗೆಯೇ ಚಿಂತೆ.

ತೊಂದರೆ ಇರುವುದು ಮಾತ್ರೆಯ ಜೊತೆ. ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆ ಕರುಳಿನಿಂದ ರಕ್ತಕ್ಕೆ ಸೇರಬೇಕಾದ ಹೊತ್ತಿಗೆ ಅಲ್ಲಿ ಸೋಯಾ ಇದ್ದರೆ ಔಷಧಿ ಪೂರ್ತಿ ಒಳಗೆ ಹೋಗುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆಗೂ ಇದೇ ಮಾತು. ನನ್ನ ಹತ್ತಿರ ಬಂದಿದ್ದ ಒಬ್ಬ ಮಹಿಳೆ ಬೆಳಿಗ್ಗೆ ಮಾತ್ರೆ ನುಂಗಿ, ಹತ್ತೇ ನಿಮಿಷಕ್ಕೆ ಒಂದು ಲೋಟ ಸೋಯಾ ಹಾಲು ಕುಡಿದು ವಾಕಿಂಗ್ ಹೋಗುತ್ತಿದ್ದರು. ಟಿಎಸ್‌ಎಚ್ (ಮಾತ್ರೆ ಸಾಲದಿದ್ದರೆ ರಕ್ತದಲ್ಲಿ ಏರುವ ಹಾರ್ಮೋನ್) ಇಳಿಯಲೇ ಇಲ್ಲ. ಎರಡು ಸಲ ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾಯಿತು. ಕೊನೆಗೆ ಸೋಯಾ ಹಾಲನ್ನು ಸಂಜೆಗೆ ಸರಿಸಿದೆವು, ಅಷ್ಟೇ. ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದಿತ್ತು, ಡಾಕ್ಟರ್ ಮಾತ್ರೆ ಕಡಿಮೆ ಮಾಡಿದರು.

ನೀವೂ ಹೀಗೆ ಮಾಡಿ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ ಮಾತ್ರೆ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಸೋಯಾ ಏನಿದ್ದರೂ ಮಾತ್ರೆಯಾಗಿ ನಾಲ್ಕು ಗಂಟೆ ಕಳೆದ ಮೇಲೆ, ಅಂದರೆ ಮಧ್ಯಾಹ್ನ ಅಥವಾ ರಾತ್ರಿ ಊಟಕ್ಕೆ. ಇನ್ನು ಮುಂದೆ ದಿನಾ ತಿನ್ನುವ ಯೋಚನೆ ಇದ್ದರೆ ನಿಮ್ಮ ಡಾಕ್ಟರಿಗೆ ಹೇಳಿ, ಆರರಿಂದ ಎಂಟು ವಾರ ಬಿಟ್ಟು ಒಂದು ಸಲ ಟಿಎಸ್‌ಎಚ್ ನೋಡಿಸಿ. ಒಂದು ತಿಂಗಳು ದಿನಾ ತಿಂದು ಮುಂದಿನ ತಿಂಗಳು ಪೂರ್ತಿ ಬಿಟ್ಟುಬಿಡುವುದು ಮಾತ್ರ ಬೇಡ. ಆಗ ಮಾತ್ರೆಯ ಲೆಕ್ಕ ಏರುಪೇರಾಗುತ್ತದೆ.

ಈಗ ಹಾರ್ಮೋನ್ ವಿಷಯ. ಈ ಭಯ ಎಲ್ಲಿಂದ ಹುಟ್ಟಿತು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಸೋಯಾದಲ್ಲಿ ಐಸೋಫ್ಲೇವೋನ್ ಅನ್ನುವ ಸಸ್ಯದ ಅಂಶಗಳಿವೆ. ಜೆನಿಸ್ಟೀನ್, ಡೈಡ್ಜೀನ್ ಅವುಗಳಲ್ಲಿ ಮುಖ್ಯವಾದವು. ಇವುಗಳ ಆಕಾರ ನಮ್ಮ ದೇಹದ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನಿಗೆ ಸ್ವಲ್ಪ ಹೋಲುತ್ತದೆ. ಅದಕ್ಕೇ ಇವಕ್ಕೆ ‘ಸಸ್ಯ ಈಸ್ಟ್ರೋಜನ್’ ಅಂತ ಹೆಸರು ಬಂತು. ಹೆಸರು ಕೇಳಿದವರು ಇದು ಈಸ್ಟ್ರೋಜನ್ನೇ ಅಂದುಕೊಂಡರು. ಆದರೆ ಇವುಗಳ ಶಕ್ತಿ ತುಂಬಾ ಕಡಿಮೆ. ಜೊತೆಗೆ, ಈಸ್ಟ್ರೋಜನ್ ಕೂರುವ ಜಾಗಗಳು ದೇಹದಲ್ಲಿ ಎರಡು ಥರ ಇವೆ, ಆಲ್ಫಾ ಮತ್ತು ಬೀಟಾ. ಐಸೋಫ್ಲೇವೋನ್ ಹೆಚ್ಚಾಗಿ ಬೀಟಾ ಜಾಗಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ಎರಡರ ಕೆಲಸವೂ ಒಂದೇ ಅಲ್ಲ.

ಗಂಡಸರ ಬಗ್ಗೆ ಹೇಳುವಾಗ ಎಲ್ಲರೂ ಎತ್ತಿಕೊಳ್ಳುವ ಒಂದು ಪ್ರಕರಣ ಇದೆ. ಅಮೆರಿಕದ 60 ವರ್ಷದ ಒಬ್ಬರಿಗೆ ಎದೆಯ ಭಾಗ ಊದಿ ನೋವು ಬಂತು, ಈಸ್ಟ್ರೋಜನ್ ಏರಿತ್ತು. 2008ರಲ್ಲಿ ವೈದ್ಯರು ಅದನ್ನು ವರದಿ ಮಾಡಿದರು. ಅವರು ದಿನಕ್ಕೆ ಎಷ್ಟು ಸೋಯಾ ಹಾಲು ಕುಡಿಯುತ್ತಿದ್ದರು ಗೊತ್ತಾ? ಸುಮಾರು ಎರಡೂ ಮುಕ್ಕಾಲು ಲೀಟರ್! ನಿಲ್ಲಿಸಿದ ಮೇಲೆ ಸರಿಹೋಯಿತು. ದಿನಾ ಅಷ್ಟು ಹಸುವಿನ ಹಾಲು ಕುಡಿದರೂ ಏನಾದರೂ ಒಂದು ಆಗದೆ ಇರುತ್ತಾ? 2021ರಲ್ಲಿ 41 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸೋಯಾ ತಿಂದ ಗಂಡಸರಲ್ಲಿ ಗಂಡಿನ ಹಾರ್ಮೋನ್ ಟೆಸ್ಟೋಸ್ಟಿರಾನ್ ಇಳಿದಿರಲಿಲ್ಲ, ಈಸ್ಟ್ರೋಜನ್ ಏರಿರಲಿಲ್ಲ. ನಿಮ್ಮ ಮಗ ಧೈರ್ಯವಾಗಿ ತಿನ್ನಲಿ, ಯಜಮಾನರೂ ತಿನ್ನಲಿ.

ಅತ್ತೆಯವರ ವಿಷಯದಲ್ಲಿ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಒಮ್ಮೆ ಆ ಕಾಯಿಲೆ ಮನೆಗೆ ಬಂದು ಹೋದರೆ ಪ್ರತಿ ತುತ್ತಿಗೂ ಅನುಮಾನ. ಹಿಂದೆ ವೈದ್ಯರೇ ಸೋಯಾ ಬೇಡ ಅನ್ನುತ್ತಿದ್ದ ಕಾಲ ಇತ್ತು, ಅದು ಸುಳ್ಳಲ್ಲ. ಇಲಿಗಳಿಗೆ ಶುದ್ಧ ಜೆನಿಸ್ಟೀನ್ ಕೊಟ್ಟಾಗ ಗಡ್ಡೆ ಬೆಳೆದದ್ದು ಅದಕ್ಕೆ ಕಾರಣ. ಆಮೇಲೆ ಗೊತ್ತಾಗಿದ್ದು ಏನಂದರೆ, ಇಲಿಯ ದೇಹ ಐಸೋಫ್ಲೇವೋನನ್ನು ಅರಗಿಸುವ ರೀತಿಯೇ ಬೇರೆ, ಮನುಷ್ಯರದ್ದೇ ಬೇರೆ. ಮನುಷ್ಯರಲ್ಲಿ ನೋಡಿದ ದೊಡ್ಡ ಅಧ್ಯಯನ ಚೀನಾದ ಶಾಂಘೈನದು. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ 5,042 ಮಹಿಳೆಯರನ್ನು ಕೆಲವು ವರ್ಷ ಗಮನಿಸಿದರು. 2009ರಲ್ಲಿ ಫಲಿತಾಂಶ ಬಂತು. ಹೆಚ್ಚು ಸೋಯಾ ಆಹಾರ ತಿನ್ನುತ್ತಿದ್ದವರಲ್ಲಿ ಕಾಯಿಲೆ ಮರಳಿ ಬರುವುದೂ, ಸಾವೂ ಕಡಿಮೆ ಇತ್ತು. ಇಷ್ಟರಿಂದಲೇ ಸೋಯಾ ಕ್ಯಾನ್ಸರ್‌ಗೆ ಮದ್ದು ಅಂತ ನಾನು ಹೇಳುವುದಿಲ್ಲ. ಅದನ್ನು ಜಾಸ್ತಿ ತಿನ್ನುವವರ ಊಟ, ಓಡಾಟ ಎಲ್ಲವೂ ಬೇರೆ ಇರಬಹುದು. ಆದರೆ ಕೆಡುಕು ಕಾಣಲಿಲ್ಲ ಅನ್ನುವುದು ಸ್ಪಷ್ಟ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೂ ಸೋಯಾ ಆಹಾರ ಸುರಕ್ಷಿತ ಅಂತಲೇ ಹೇಳುತ್ತದೆ. ಅತ್ತೆಯವರಿಗೆ ಬೇಡದ್ದು ಐಸೋಫ್ಲೇವೋನ್ ಮಾತ್ರೆ, ಪುಡಿ, ಕ್ಯಾಪ್ಸೂಲ್. ಮುಟ್ಟು ನಿಂತವರಿಗೆ ಅಂತ ಅಂಗಡಿಯಲ್ಲಿ ಮಾರುತ್ತಾರಲ್ಲ, ಅವು. ಆಹಾರವಾಗಿ ತಿನ್ನಲಿ, ಮಾತ್ರೆಯಾಗಿ ಬೇಡ. ಅವರು ಈಗಲೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅವರ ಕ್ಯಾನ್ಸರ್ ವೈದ್ಯರಿಗೂ ಒಂದು ಮಾತು ತಿಳಿಸಿ.

ಇಷ್ಟೆಲ್ಲ ಗಾಬರಿ ಯಾಕೆ ಹುಟ್ಟುತ್ತದೆ ಅಂದರೆ, ಸೋಯಾ ನಮಗೆ ಯಾವುದೋ ಹೊರದೇಶದ ವಸ್ತು ಅನ್ನಿಸುತ್ತದೆ. ನಮ್ಮ ರೈತರು ಅದನ್ನು ಏನಂತ ಕರೆಯುತ್ತಾರೆ ಗೊತ್ತಲ್ವಾ? ಸೋಯಾ ಅವರೆ. ಬೀದರ್, ಬೆಳಗಾವಿ, ಧಾರವಾಡ ಕಡೆ ಮುಂಗಾರಿನಲ್ಲಿ ಎಕರೆಗಟ್ಟಲೆ ಬೆಳೆಯುತ್ತಾರೆ. ಹಳದಿ ಸೋಯಾ ನಮ್ಮ ದೇಶದಲ್ಲಿ ಹರಡಿದ್ದು 1960ರ ದಶಕದ ಕೊನೆಯಿಂದ. ಪಂತನಗರ ಮತ್ತು ಜಬಲ್ಪುರದ ಕೃಷಿ ವಿಶ್ವವಿದ್ಯಾಲಯಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೊತೆ ಸೇರಿ ತಳಿಗಳನ್ನು ಇಲ್ಲಿ ಬೆಳೆಸಿ ನೋಡಿದವು. ಅದಕ್ಕೂ ಎಷ್ಟೋ ಮೊದಲಿನಿಂದ ನಾಗಾಲ್ಯಾಂಡಿನಲ್ಲಿ ಅಖುನಿ, ಮಣಿಪುರದಲ್ಲಿ ಹವಾಯ್ಜಾರ್, ಸಿಕ್ಕಿಂನಲ್ಲಿ ಕಿನೆಮಾ ಅಂತ ಸೋಯಾ ಕಾಳನ್ನು ಹುದುಗು ಬರಿಸಿ ತಿನ್ನುತ್ತಿದ್ದಾರೆ. ಉತ್ತರಾಖಂಡದ ಕುಮಾವ್ ಬೆಟ್ಟಗಳಲ್ಲಿ ಕಪ್ಪು ಸೋಯಾಕ್ಕೆ ಭಟ್ ಅನ್ನುತ್ತಾರೆ, ನಾವು ಹುರುಳಿ ಬೇಯಿಸಿದಂತೆ ಬೇಯಿಸುತ್ತಾರೆ. ನಮ್ಮ ಬೀದರಿನ ಸೋಯಾ ಮಾತ್ರ ಎಣ್ಣೆ ಮಿಲ್ಲಿಗೆ ಹೋಗಿ, ಎಣ್ಣೆ ತೆಗೆದ ಹಿಂಡಿ ಬಹುಪಾಲು ಕೋಳಿ ಮೇವಾಗುತ್ತದೆ. ಬೆಳೆದವರ ತಟ್ಟೆಗೆ ಬರುವುದು ತೀರಾ ಕಡಿಮೆ. ಇದು ನನಗೆ ಪ್ರತಿ ವರ್ಷ ಬೇಜಾರು ತರಿಸುವ ವಿಷಯ. ತೊಗರಿ ಬೇಳೆ 100 ಗ್ರಾಂ ತೂಗಿದರೆ ಅದರಲ್ಲಿ 22 ಗ್ರಾಂ ಆಸುಪಾಸು ಪ್ರೋಟೀನ್. ಸೋಯಾದಲ್ಲಿ 36 ಗ್ರಾಂ ಮೇಲೆಯೇ. ದೇಹಕ್ಕೆ ಬೇಕಾದ ಎಲ್ಲ ಅಮೈನೋ ಆಮ್ಲಗಳೂ ಅದರಲ್ಲಿವೆ. ಒಂದೆರಡು ಸ್ವಲ್ಪ ಕಡಿಮೆ ಬಿದ್ದರೂ ಅನ್ನ, ರೊಟ್ಟಿ ಅದನ್ನು ತುಂಬಿಕೊಡುತ್ತವೆ. ಇನ್ನೊಂದು: ನಮ್ಮ ದೇಶದಲ್ಲಿ ಕುಲಾಂತರಿ ಸೋಯಾ ಬೆಳೆಯಲು ಅನುಮತಿ ಇಲ್ಲ. ಇಲ್ಲಿನ ಕಾಳಿನಿಂದ ಮಾಡಿದ ತೋಫುವಿಗೆ ಆ ಅನುಮಾನವೂ ಬೇಡ.

ಆದರೆ ಹೆಸರುಕಾಳಿನ ಹಾಗೆ ಇದನ್ನು ಹಸಿಯಾಗಿ, ಅರೆಬೆಂದ ಹಾಗೆ ತಿನ್ನಬಾರದು. ಮೊಳಕೆ ಬಂತು ಅಂತ ಹಸಿ ಕೋಸಂಬರಿ ಮಾಡಬೇಡಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗಲು ಬಿಡದ ಒಂದು ಅಂಶವಿದೆ. ನೆನೆಸಿ ಚೆನ್ನಾಗಿ ಬೇಯಿಸಿದರೆ ಅದು ಬಹುತೇಕ ಹೋಗುತ್ತದೆ.

ಪನೀರ್ ಮತ್ತು ತೋಫು ಅಂತ ಕೇಳಿದಿರಿ. 100 ಗ್ರಾಂ ಪನೀರ್‌ನಲ್ಲಿ ಪ್ರೋಟೀನ್ 18ರಿಂದ 20 ಗ್ರಾಂ, ಕೊಬ್ಬು 20 ಗ್ರಾಂ ದಾಟುತ್ತದೆ. ಅದರಲ್ಲಿ ಹೆಚ್ಚಿನದು ಕೊಲೆಸ್ಟ್ರಾಲ್ ಏರಿಸುವ ಜಾತಿಯದು. ಗಟ್ಟಿ ತೋಫುವಿನಲ್ಲಿ ಪ್ರೋಟೀನ್ 12ರಿಂದ 15 ಗ್ರಾಂ, ಕೊಬ್ಬು 6ರಿಂದ 8. ಅದರಲ್ಲಿ ಕೆಟ್ಟ ಕೊಬ್ಬು ಒಂದು ಗ್ರಾಂ ಆಸುಪಾಸು ಅಷ್ಟೇ, ಕೊಲೆಸ್ಟ್ರಾಲ್ ಸೊನ್ನೆ. ಅಂದರೆ ಪ್ರೋಟೀನ್ ಲೆಕ್ಕದಲ್ಲಿ ಪನೀರೇ ಸ್ವಲ್ಪ ಮುಂದೆ. ಯಜಮಾನರ ಕೊಲೆಸ್ಟ್ರಾಲ್ ಲೆಕ್ಕದಲ್ಲಿ ತೋಫು ತುಂಬಾ ಮುಂದೆ. ಸೋಯಾ ಪ್ರೋಟೀನ್ ತಾನಾಗಿ ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸುವುದು ಶೇ. 3ರಿಂದ 4ರಷ್ಟು ಮಾತ್ರ. ನಿಜವಾದ ಲಾಭ ಬರುವುದು ತಟ್ಟೆಯಲ್ಲಿ ತೋಫು ಬಂದು ಪನೀರ್ ಬಟರ್ ಮಸಾಲ ಹೋದಾಗ. ತೋಫುವನ್ನೇ ಎಣ್ಣೆಯಲ್ಲಿ ಕರಿದು ಚಿಲ್ಲಿ ಮಾಡಿದರೆ ಆ ಲಾಭ ಹೋಯಿತು. ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ತೋಫು ನಂಬಿ ಅದನ್ನು ಬಿಡುವ ಹಾಗಿಲ್ಲ.

ಅಂಗಡಿಯಲ್ಲಿ ತೋಫು ಕೊಳ್ಳುವಾಗ ಲೇಬಲ್ಲಿನಲ್ಲಿ ಒಂದು ಪದ ಹುಡುಕಿ: ಕ್ಯಾಲ್ಸಿಯಂ ಸಲ್ಫೇಟ್. ಹಾಲು ಒಡೆಸಲು ನಾವು ನಿಂಬೆ ಹುಳಿ ಹಾಕುವ ಹಾಗೆ ಸೋಯಾ ಹಾಲನ್ನು ಒಡೆಸಲು ಇದನ್ನು ಹಾಕುತ್ತಾರೆ. ಹಾಗೆ ಮಾಡಿದ ತೋಫುವಿನ 100 ಗ್ರಾಂನಲ್ಲಿ 200ರಿಂದ 350 ಮಿಲಿಗ್ರಾಂವರೆಗೂ ಕ್ಯಾಲ್ಸಿಯಂ ಸಿಗುತ್ತದೆ. ನಿಮ್ಮ ವಯಸ್ಸಿಗೆ, ಅತ್ತೆಯವರ ವಯಸ್ಸಿಗೆ ಮೂಳೆಗೆ ಅದು ಬೇಕು. ಮೆಗ್ನೀಷಿಯಂ ಕ್ಲೋರೈಡ್ ಹಾಕಿದ್ದರಲ್ಲಿ, ನಿಂಬೆ ಹುಳಿ ಹಾಕಿದ್ದರಲ್ಲಿ ಕ್ಯಾಲ್ಸಿಯಂ ಅಷ್ಟಿರುವುದಿಲ್ಲ.

ಮನೆಯಲ್ಲೂ ಮಾಡಬಹುದು. ನಾನು ತಿಂಗಳಿಗೊಮ್ಮೆ ಮಾಡುತ್ತೇನೆ. ಕಾಲು ಕೆಜಿ ಸೋಯಾ ಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಾಳು ಉಬ್ಬಿ ಉದ್ದವಾಗಿರುತ್ತದೆ. ಕೈಯಲ್ಲಿ ತಿಕ್ಕಿದರೆ ಸಿಪ್ಪೆ ತೇಲಿ ಬರುತ್ತದೆ, ಆದಷ್ಟು ಚೆಲ್ಲಿ. ಎರಡು ಲೀಟರಿನಷ್ಟು ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಆ ಹಾಲನ್ನು ದೊಡ್ಡ ಪಾತ್ರೆಯಲ್ಲೇ ಇಡಿ, ಯಾಕಂದರೆ ಇಲ್ಲೇ ಎಲ್ಲರೂ ಮೋಸ ಹೋಗುವುದು. ಇನ್ನೂ ಕುದಿ ಬರುವ ಮೊದಲೇ ನೊರೆ ಬುಸ್ ಅಂತ ಮೇಲೆ ಬರುತ್ತದೆ. ಹಾಲು ಕುದಿಯಿತು ಅಂದುಕೊಂಡು ಒಲೆ ಆರಿಸಬೇಡಿ. ಅದು ಬರೀ ನೊರೆ. ಉರಿ ಸಣ್ಣ ಮಾಡಿ, ನೊರೆ ಇಳಿಸಿ, ಮತ್ತೆ ಕುದಿ ಹಿಡಿಸಿ ಹತ್ತು ಹದಿನೈದು ನಿಮಿಷ ಕೈಯಾಡಿಸುತ್ತಾ ಕುದಿಸಿ. ಹಸಿ ವಾಸನೆ ಹೋಗಿ ಬಾದಾಮಿ ಹಾಲಿನಂಥ ಒಂದು ಘಮ ಬರುತ್ತದೆ. ಆಗ ಇಳಿಸಿ. ಎರಡು ಮೂರು ನಿಮಿಷ ಬಿಟ್ಟು, ಎರಡು ದೊಡ್ಡ ನಿಂಬೆಹಣ್ಣಿನ ರಸಕ್ಕೆ ಅಷ್ಟೇ ನೀರು ಬೆರೆಸಿ, ಸುತ್ತ ಹಾಕಿ ಒಂದೇ ಸಲ ಮೆಲ್ಲಗೆ ತಿರುಗಿಸಿ ಮುಚ್ಚಿಡಿ. ಹತ್ತು ನಿಮಿಷದಲ್ಲಿ ಮೋಡದ ಹಾಗೆ ಒಡೆದು, ಕೆಳಗೆ ತಿಳಿ ಹಳದಿ ನೀರು ನಿಲ್ಲುತ್ತದೆ. ನೀರು ಇನ್ನೂ ಹಾಲಿನ ಬಣ್ಣದಲ್ಲೇ ಇದ್ದರೆ ಇನ್ನೊಂದು ಚಮಚ ರಸ ಬೇಕು. ಬಟ್ಟೆಗೆ ಸುರಿದು, ಮೇಲೆ ರುಬ್ಬುವ ಗುಂಡು ಇಟ್ಟು ಅರ್ಧ ಗಂಟೆ ಬಿಡಿ. ಸುಮಾರು 400 ಗ್ರಾಂ ತೋಫು ಸಿಗುತ್ತದೆ, ಜಾಸ್ತಿ ಒತ್ತಿದರೆ ಸ್ವಲ್ಪ ಕಡಿಮೆ. ಹಿಂಡಿ ಉಳಿದ ಚರಟ ಎಸೆಯಬೇಡಿ, ಅಕ್ಕಿರೊಟ್ಟಿ ಹಿಟ್ಟಿಗೆ ಸಬ್ಬಸಿಗೆ ಸೊಪ್ಪಿನ ಜೊತೆ ಕಲಸಿ ಚೆನ್ನಾಗಿ ಬೇಯಿಸಿ. ಉಳಿದ ನಾರಿನಂಶ ಬಹುತೇಕ ಅದರಲ್ಲೇ ಇದೆ.

ತೋಫು ನೀರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ, ದಿನಾ ನೀರು ಬದಲಾಯಿಸಿದರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಫ್ರೀಜರ್‌ನಲ್ಲಿಟ್ಟರೆ ಹಳದಿ ತಿರುಗುತ್ತದೆ, ಹೆದರಬೇಡಿ. ಕರಗಿದ ಮೇಲೆ ಮತ್ತೆ ಬೆಳ್ಳಗಾಗಿ, ಒಳಗೆಲ್ಲ ಸ್ಪಂಜಿನ ಹಾಗೆ ತೂತು ಬಿದ್ದಿರುತ್ತದೆ. ಅದನ್ನು ಹಿಂಡಿ ಸಾಗುವಿಗೋ ಹುಳಿಗೋ ಹಾಕಿದರೆ ರಸ ಚೆನ್ನಾಗಿ ಹೀರಿಕೊಳ್ಳುತ್ತದೆ. ತೋಫು ಸಪ್ಪೆ ಅನ್ನುವವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಮೀಲ್ ಮೇಕರ್ ಬಗ್ಗೆ ಒಂದು ಲೆಕ್ಕ ತಪ್ಪಾಗಿ ಓಡಾಡುತ್ತಿದೆ. ಪ್ಯಾಕೆಟ್ಟಿನ ಮೇಲೆ 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಅಂತ ಇರುತ್ತದೆ. ನಿಜ, ಆದರೆ ಅದು ಒಣಗಿದ್ದರ ಲೆಕ್ಕ. ನೆನೆದ ಮೇಲೆ ಅದರ ತೂಕ ಮೂರು ಪಟ್ಟು ಹತ್ತಿರ ಆಗುತ್ತದೆ. ಆಗ ತಟ್ಟೆಯಲ್ಲಿರುವ 100 ಗ್ರಾಂನಲ್ಲಿ ಸಿಗುವುದು 17 ಗ್ರಾಂ ಸುಮಾರು. ನಿಮ್ಮ ಮಗ ‘ಪನೀರ್‌ಗಿಂತ ಮೂರು ಪಟ್ಟು’ ಅಂದರೆ ಈ ಲೆಕ್ಕ ಹೇಳಿ. ಹಾಗಂತ ಅದು ಕಡಿಮೆಯೇನಲ್ಲ. 30 ಗ್ರಾಂ ಒಣ ಉಂಡೆಗಳಲ್ಲಿ 15 ಗ್ರಾಂ ಪ್ರೋಟೀನ್, ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು, ಬೆಲೆಯೂ ಪನೀರ್‌ಗಿಂತ ಎಷ್ಟೋ ಅಗ್ಗ. ಉಪ್ಪು ಹಾಕಿದ ನೀರಲ್ಲಿ ಎಂಟು ಹತ್ತು ನಿಮಿಷ ಕುದಿಸಿ, ತಣ್ಣೀರಲ್ಲಿ ಎರಡು ಸಲ ಹಿಂಡಿ. ಆ ನೊರೆ ನೀರು ಪೂರ್ತಿ ಹೋಗಬೇಕು. ವಾಸನೆಯೂ ಹೋಗುತ್ತದೆ, ಹೊಟ್ಟೆ ಉಬ್ಬರವೂ ಕಡಿಮೆಯಾಗುತ್ತದೆ. ಗ್ಯಾಸ್ ಸಮಸ್ಯೆ ಇದ್ದವರಿಗೆ ಮೀಲ್ ಮೇಕರ್‌ಗಿಂತ ತೋಫು ಹಗುರ, ಏಕೆಂದರೆ ವಾಯು ಮಾಡುವ ಸಕ್ಕರೆಗಳು ಆ ಹಳದಿ ನೀರಿನ ಜೊತೆ ಹೊರಟುಹೋಗಿರುತ್ತವೆ.

ಸೋಯಾ ಹಾಲು ಕೊಳ್ಳುವುದಾದರೆ ಸಕ್ಕರೆ ಹಾಕದ್ದು, ಕ್ಯಾಲ್ಸಿಯಂ ಸೇರಿಸಿದ್ದು ನೋಡಿ. ಸೋಯಾ ಸಾಸ್ ಮಾತ್ರ ಈ ಲೆಕ್ಕಕ್ಕೇ ಇಲ್ಲ. ಅದು ಉಪ್ಪು. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ.

ಎಷ್ಟು ತಿನ್ನಬೇಕು? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರಕಾರ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ದೇಹದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್. 60 ಕೆಜಿ ಇರುವವರಿಗೆ 50 ಗ್ರಾಂ. ಬೆಳೆಯುವ ವಯಸ್ಸು, ಜಿಮ್ಮು ಎರಡೂ ಇರುವುದರಿಂದ ಮಗನಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ದಿನಕ್ಕೆ 100 ಗ್ರಾಂ ತೋಫು, ಅಥವಾ 30 ಗ್ರಾಂ ಒಣ ಮೀಲ್ ಮೇಕರ್, ಅಥವಾ ಒಂದು ಲೋಟ ಸೋಯಾ ಹಾಲು. ಇವುಗಳಲ್ಲಿ ಒಂದೋ ಎರಡೋ ಸಾಕು. ಉಳಿದದ್ದು ಬೇಳೆ, ಕಾಳು, ಮೊಸರು, ಕಡಲೆಕಾಯಿಯಿಂದ ಬರಲಿ. ಮೂರು ಹೊತ್ತೂ ಸೋಯಾ ಬೇಡ. ಇಷ್ಟು ತಿಂದರೆ ಸುಮ್ನೆ ದುಡ್ಡು ಸುರಿದು ಪ್ರೋಟೀನ್ ಪುಡಿ ತರುವ ಅಗತ್ಯವೂ ಇಲ್ಲ. ಸೋಯಾದಲ್ಲಿರುವ ಕಬ್ಬಿಣ ಸಲೀಸಾಗಿ ಮೈಗೆ ಹತ್ತುವುದಿಲ್ಲ, ಅದಕ್ಕೆ ಮೇಲೊಂದು ನಿಂಬೆಹಣ್ಣು ಹಿಂಡಿ. ತೋಫುವಿನಲ್ಲಿ ಬಿ12 ಇರುವುದಿಲ್ಲ. ಮೊಟ್ಟೆ ಮಾಂಸ ಇಲ್ಲದ ಮನೆ ನಿಮ್ಮದು, ಹಾಗಾಗಿ ಹಾಲು ಮೊಸರು ಬಿಡಬೇಡಿ. ನಾಲ್ಕೂ ಜನ ವರ್ಷಕ್ಕೊಮ್ಮೆ ಬಿ12 ಪರೀಕ್ಷೆ ಮಾಡಿಸಿ.

ಸೋಯಾ ಅಲರ್ಜಿ ಇದ್ದವರು ಮುಟ್ಟಬಾರದು. ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಹೇಳಿದ ಪ್ರೋಟೀನ್ ಲೆಕ್ಕದೊಳಗೇ ತಿನ್ನಬೇಕು. ಒಂದು ವರ್ಷದ ಒಳಗಿನ ಮಗುವಿಗೆ ಎದೆಹಾಲಿನ ಬದಲು ಸೋಯಾ ಹಾಲು ಕೊಡಲೇಬಾರದು.

ಮೊದಲ ಸಲ ತಂದಾಗ ಹೊಸ ರುಚಿಗೆ ಕೈ ಹಾಕಬೇಡಿ, ನಿಮಗೆ ಗೊತ್ತಿರುವ ಪಲ್ಯಕ್ಕೇ ಹಾಕಿ. ತೋಫುವನ್ನು ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಕೈಯಲ್ಲೇ ಪುಡಿ ಮಾಡಿ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ. ಮೆಂತ್ಯ ಸೊಪ್ಪು ಹಾಕಿ ಬಾಡಿಸಿ, ಅರಿಶಿನ, ಉಪ್ಪು, ಆಮೇಲೆ ತೋಫು. ಐದು ನಿಮಿಷ ಹುರಿದು ಕಾಯಿತುರಿ ಉದುರಿಸಿ. ಜೋಳದ ರೊಟ್ಟಿಗೂ ಸರಿ, ಚಪಾತಿಗೂ ಸರಿ. ಅತ್ತೆಯವರಿಗೆ ಅಗಿಯಲು ಮೆತ್ತಗಿರುತ್ತದೆ. ನೀವು ಮಾತ್ರ ಇದನ್ನು ಬೆಳಗಿನ ತಿಂಡಿಗೆ ತಿನ್ನಬೇಡಿ, ಮಧ್ಯಾಹ್ನದ ಊಟಕ್ಕೆ ಎತ್ತಿಟ್ಟುಕೊಳ್ಳಿ.